ಅಪ್ಪನ ಜೊತೆ ಸಿಲೋನಿಗೆ: ಕಾಫಿ ಅಳಿದ ಗುಡ್ಡಗಳಲ್ಲಿ ಒಂಬತ್ತು ದಿನ

2018ರ ಆಗಸ್ಟ್ ಮಳೆಯನ್ನು ಕೊಡಗಿನವರು ಮರೆಯೋದಿಲ್ಲ. ಮಾದಾಪುರದ ಕಡೆ ಇರುವ ನಮ್ಮ ತೋಟದ ಮೇಲಿನ ತುಂಡು ಒಂದೇ ರಾತ್ರಿಯಲ್ಲಿ ಜಾರಿ ಹೊಳೆ ಸೇರಿತು. ಮನೆಗೆ ಏನೂ ಆಗಲಿಲ್ಲ. ಆದರೆ ಅಪ್ಪ ಮಾತು ಕಡಿಮೆ ಮಾಡಿದರು. ದಿನಾ ಬೆಳಿಗ್ಗೆ ತೋಟ ಸುತ್ತುತ್ತಿದ್ದವರು ಜಗಲಿಯಲ್ಲೇ ಕೂರತೊಡಗಿದರು. ಆಗ ಅವರಿಗೆ 76 ವರ್ಷ.

ಎಲ್ಲಾದರೂ ಹೋಗಿ ಬರೋಣ ಅಂದೆ. ಧರ್ಮಸ್ಥಳವನ್ನೋ ತಿರುಪತಿಯನ್ನೋ ಹೇಳುತ್ತಾರೆ ಅಂದುಕೊಂಡಿದ್ದೆ. "ಸಿಲೋನ್" ಅಂದರು, ಅಂದರೆ ಈಗಿನ ಶ್ರೀಲಂಕಾ. "ಅಲ್ಲಿ ಕಾಫಿ ಪೂರ್ತಿ ಹೋಯ್ತಲ್ಲ, ಆಮೇಲೆ ಏನ್ಮಾಡಿದ್ರು ಅಂತ ನೋಡ್ಬೇಕು."

ವಯಸ್ಸಾದವರನ್ನು ವಿದೇಶಕ್ಕೆ ಕರೆದೊಯ್ಯಬೇಕು ಅಂತಿದ್ದರೆ ಮೊದಲು ಅವರನ್ನೇ ಕೇಳಿ. ನಾನು ಮನಸ್ಸಿನಲ್ಲಿ ಸಿಂಗಾಪುರ ಇಟ್ಟುಕೊಂಡಿದ್ದೆ. ಅಲ್ಲಿ ಅವರು ನನ್ನ ಹಿಂದೆ ಸುಮ್ನೆ ನಡೆಯುತ್ತಿದ್ದರು, ಅಷ್ಟೇ. ಶ್ರೀಲಂಕಾದಲ್ಲಿ ಅವರೇ ಮುಂದೆ ನಡೆದು ನನಗೆ ತೋರಿಸಿದರು.

ಹೊರಟಿದ್ದು 2019ರ ಫೆಬ್ರವರಿ ಕೊನೆಯಲ್ಲಿ. ಅರೇಬಿಕಾ ಕೊಯ್ಲು, ಒಣಗಿಸೋದು ಎಲ್ಲ ಮುಗಿದಿತ್ತು. ಶ್ರೀಲಂಕಾದ ಗುಡ್ಡಗಾಡಿಗೂ ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆದರೆ ನಮ್ಮಲ್ಲಿ ಅದು ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯುವ ಸಮಯ. ಅಪ್ಪನಿಗೆ ಅದೊಂದೇ ಚಿಂತೆ. ಮಗುವನ್ನು ಬಿಟ್ಟು ಹೊರಟವರ ಹಾಗೆ ತೋಟ ನೋಡಿ ಹೊರಟರು.

ಪಾಸ್‌ಪೋರ್ಟ್ ಕೆಲಸಕ್ಕೆ ಎರಡು ತಿಂಗಳು ಮೊದಲೇ ಕೈ ಹಾಕಿ. ಅಪ್ಪನದು ಜೀವನಪೂರ್ತಿ ಕತ್ತಿ, ಗುದ್ದಲಿ ಹಿಡಿದ ಕೈ. ಬೆರಳಚ್ಚು ಸರಿಯಾಗಿ ಮೂಡಲಿಲ್ಲ. ಹಲವು ಸಲ ಬೆರಳು ಒರೆಸಿ ಒತ್ತಬೇಕಾಯಿತು. ಹೆಸರು, ಇನಿಷಿಯಲ್ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಟಿಕೆಟ್‌ನಲ್ಲೂ ಹಾಗೇ ಇರಲಿ. ಇಟಿಎ ಅನ್ನುವ ಪ್ರವೇಶ ಅನುಮತಿಗೆ ಸರ್ಕಾರಿ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಿ. ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ. ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ಹಣ ಸಿಗದೇ ಹೋಗಬಹುದು.

ಸೋಮವಾರಪೇಟೆ ಕಡೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಒಂದೇ ಉಸಿರಿಗೆ ಹೋಗಬೇಡಿ. ನಾವು ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದೆವು. ಅಂದು ರಾತ್ರಿಯೇ ಮನೆಯಿಂದ ಫೋನ್ ಬಂತು, ಒಂದೂವರೆ ಇಂಚು ಮಳೆ. ಅಪ್ಪನ ಮುಖ ಅರಳಿತು. ಬೆರಳು ಮಡಿಸಿ ಲೆಕ್ಕ ಹಾಕಿದರು. "ನಾವು ವಾಪಸ್ ಬರೋ ಹೊತ್ತಿಗೆ ಹೂ ಬಿಟ್ಟಿರುತ್ತೆ."

ನಿಲ್ದಾಣದಲ್ಲಿ ವೀಲ್‌ಚೇರ್ ಹೇಳಿಟ್ಟಿದ್ದೆ. ಅಪ್ಪ ಕೂರಲಿಲ್ಲ. "ನಾನೇನು ರೋಗಿನಾ?" ಅಂದರು. ನಾನೂ ಒತ್ತಾಯ ಮಾಡಲಿಲ್ಲ, ಅದೇ ತಪ್ಪಾಯಿತು. ಎರಡೂ ಕಡೆ ಸರತಿಯಲ್ಲಿ ನಿಂತು ಮಂಡಿ ಊದಿಕೊಂಡಿತು. ಹಾರಾಟ ಬರೀ ಒಂದೂವರೆ ಗಂಟೆ. ಸುಸ್ತು ಮಾಡಿದ್ದು ನಿಲ್ದಾಣಗಳು. ವೀಲ್‌ಚೇರ್ ಅನ್ನು ಟಿಕೆಟ್ ಜೊತೆಗೇ, ಕಡಿಮೆ ಅಂದರೂ ಎರಡು ದಿನ ಮೊದಲು ಕೇಳಿ. ಅಪ್ಪ ಅಮ್ಮ ಒಪ್ಪದಿದ್ದರೆ ಮನೆಯಲ್ಲೇ ಕೂತು ಮಾತಾಡಿ ಒಪ್ಪಿಸಿ. ಹತ್ತು ಜನರ ಎದುರು ಅವರ ಹತ್ತಿರ ವಾದ ಮಾಡಬೇಡಿ.

ಶ್ರೀಲಂಕಾದ ಗಡಿಯಾರವೂ ನಮ್ಮದೂ ಒಂದೇ. ಮಾತ್ರೆ ಹೊತ್ತು ಬದಲಾಗೋದಿಲ್ಲ, ನಿದ್ದೆ ಕೆಡೋದಿಲ್ಲ. ವಯಸ್ಸಾದವರಿಗೆ ಇದು ಸಣ್ಣ ಅನುಕೂಲವಲ್ಲ. ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಅಲ್ಲಿ 1990 ಒತ್ತಿದರೆ ಆಂಬುಲೆನ್ಸ್ ಬರುತ್ತದೆ, ಅದು ಉಚಿತ. ನಮಗೆ ಬೇಕಾಗಲಿಲ್ಲ, ಆದರೆ ನಂಬರನ್ನು ಅಪ್ಪನ ಫೋನಿನಲ್ಲೂ ಹಾಕಿಟ್ಟಿದ್ದೆ.

ಮೊದಲ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲೇ ಉಳಿದೆವು. ಮಾರನೆ ದಿನ ಕಾರಿನಲ್ಲಿ ಕ್ಯಾಂಡಿ. ಲಿಫ್ಟ್ ಇದೆ ಅಂತ ಹೇಳಿದ್ದ ಹೋಟೆಲಿನಲ್ಲಿ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿ. ಅಪ್ಪ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತೋದು ನೋಡಿ ಹೊಟ್ಟೆ ಉರಿಯಿತು. ಕೋಣೆ ಕಾಯ್ದಿರಿಸುವಾಗ ಫೋನ್ ಮಾಡಿ ನೆಲಮಹಡಿಯೇ ಬೇಕು ಅಂತ ಹೇಳಿ. ಸಿಗಿರಿಯಾ ಬಂಡೆಯನ್ನು ಬಿಟ್ಟೇಬಿಟ್ಟೆವು, ಸುಮಾರು 1,200 ಮೆಟ್ಟಿಲು. ಬುದ್ಧನ ದಂತವಿರುವ ದೇವಸ್ಥಾನಕ್ಕೆ ಹೋದೆವು. ಚಪ್ಪಲಿ ಹೊರಗೆ ಬಿಡಬೇಕು, ಮಂಡಿ, ಭುಜ ಮುಚ್ಚುವ ಬಟ್ಟೆ ಇರಬೇಕು. ಪೂಜೆಯ ಹೊತ್ತಿನಲ್ಲಿ ನೂಕುನುಗ್ಗಲು ಜಾಸ್ತಿ, ಆ ಹೊತ್ತು ತಪ್ಪಿಸಿ.

ಅಪ್ಪನಿಗೆ ಬೇಕಾಗಿದ್ದು ಹಂತಾನದ ಟೀ ಮ್ಯೂಸಿಯಂ. ಕ್ಯಾಂಡಿಯಿಂದ ಸ್ವಲ್ಪ ಮೇಲೆ, 1925ರ ಹಳೆಯ ಟೀ ಫ್ಯಾಕ್ಟರಿಯಲ್ಲೇ ಇದೆ. ನಾನು ಒಂದು ಗಂಟೆ ಸಾಕು ಅಂದುಕೊಂಡಿದ್ದೆ. ಅರ್ಧ ದಿನ ಹೋಯಿತು. ಕೆಳಗಿನ ಮಹಡಿಯ ದೊಡ್ಡ ಯಂತ್ರಗಳ ಮುಂದೆ ನಿಂತು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಜೊತೆ ಹೋಲಿಸಿ ಹೇಳುತ್ತಲೇ ಇದ್ದರು.

1869ರಲ್ಲಿ ಆ ದ್ವೀಪದ ಕಾಫಿಗೆ ಎಲೆತುಕ್ಕು ರೋಗ ಬಂತು. ಸುಮಾರು ಇಪ್ಪತ್ತು ವರ್ಷದಲ್ಲಿ ಕಾಫಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ಅದಕ್ಕೂ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ 19 ಎಕರೆಯಲ್ಲಿ ಟೀ ಹಾಕಿದ್ದ. ಆಮೇಲೆ ಗುಡ್ಡಕ್ಕೆ ಗುಡ್ಡವೇ ಟೀ ಆಯಿತು. "ಆಗ ಬೋರ್ಡೋ ಇರಲಿಲ್ವಲ್ಲ" ಅಂದರು ಅಪ್ಪ. ಹೌದು, ಈ ರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದೇ 1880ರ ದಶಕದಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. "ಗಿಡ ಕಿತ್ತು ಟೀ ನೆಟ್ಟು, ಅದು ಕೈಗೆ ಬರೋವರೆಗೆ ಊಟಕ್ಕೆ ಏನ್ಮಾಡಿದ್ರು?" ಜಾರಿ ಹೋದ ನಮ್ಮ ತುಂಡಿನ ಬಗ್ಗೆ ಆರು ತಿಂಗಳಲ್ಲಿ ಅವರು ಆಡಿದ ಮೊದಲ ಮಾತು ಇದು ಅಂತ ನನಗೆ ಗೊತ್ತಾಯಿತು. ಮ್ಯೂಸಿಯಂ ಹೊರಗಿನ ಬೆಂಚಿನ ಮೇಲೆ ಕೂತು ಆ ದಿನ ಬಹಳ ಹೊತ್ತು ಮಾತಾಡಿದೆವು. ಯಾವ ಮರ ಮೊದಲು ನೆಡಬೇಕು, ನೀರು ಎಲ್ಲಿ ತಿರುಗಿಸಬೇಕು, ಎಲ್ಲ.

ಕ್ಯಾಂಡಿಯಿಂದ ನುವಾರ ಎಲಿಯ ಊರಿಗೆ ಹತ್ತಿರದ 'ನಾನು ಓಯಾ' ನಿಲ್ದಾಣಕ್ಕೆ ರೈಲು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ಹಾಗಾಗಿ ನಾಲ್ಕು ಗಂಟೆಯೂ ಅಪ್ಪ ಕಿಟಕಿ ಬಿಡಲಿಲ್ಲ. ಸೀಟು ಮೊದಲೇ ಕಾಯ್ದಿರಿಸಿ. ನಿಂತು ಹೋಗುವ ದಾರಿ ಅಲ್ಲ. ಬೋಗಿಯ ಮೆಟ್ಟಿಲು ಎತ್ತರ, ಹಿಂದೆ ಒಬ್ಬರು ಆಸರೆಯಾಗಿ ನಿಲ್ಲಬೇಕು. ಮಳೆ, ಗುಡ್ಡ ಕುಸಿತದಿಂದ ಈ ಹಳಿ ಬಂದ್ ಆಗುವುದುಂಟು. ಹೊರಡುವ ಮೊದಲು ವಿಚಾರಿಸಿ.

ನುವಾರ ಎಲಿಯ 1,868 ಮೀಟರ್ ಎತ್ತರದಲ್ಲಿದೆ, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ಗಿಂತಲೂ ಮೇಲೆ. ಸ್ವೆಟರ್, ಕಾಲುಚೀಲ, ಟೋಪಿ ಬೇಕೇಬೇಕು. ಟೀ ಗುಡ್ಡಗಳನ್ನು ನೋಡಿ ಅಪ್ಪನಿಗೆ ಸಮಾಧಾನ ಆಗಲಿಲ್ಲ. "ನೆರಳು ಮರ ಇಷ್ಟು ಕಡಿಮೆನಾ?" ಅಂತ ಬೇಜಾರು ಮಾಡಿಕೊಂಡರು. ದಾರಿಯಲ್ಲಿ ಎಲೆ ಕೀಳುತ್ತಿದ್ದ ಹೆಂಗಸರ ಹತ್ತಿರ ತೋಟದ ಆಳುಗಳಿಂದ ಕಲಿತ ತಮಿಳಿನಲ್ಲಿ ಮಾತಾಡಿದರು. ಸಂಬಳ, ಮಕ್ಕಳು, ಜಿಗಣೆ. ಅರ್ಧ ಗಂಟೆ ಕಾರು ಕಾಯಿತು. ಡ್ರೈವರ್ ಜೊತೆ ದಿನದ ಲೆಕ್ಕದಲ್ಲಿ ಮಾತಾಡಿಕೊಂಡರೆ ಇಂಥ ಅರ್ಧ ಗಂಟೆಗಳು ನಿಮ್ಮವೇ ಆಗುತ್ತವೆ.

ಊಟದ ಚಿಂತೆ ಬೇಡ. ಅವರ ಇಡಿಯಪ್ಪ ನಮ್ಮ ನೂಪುಟ್ಟೇ. ಗೊರಕ ಹಾಕಿದ ಕಪ್ಪು ಮೀನು ಸಾರು ಬಾಯಿಗಿಟ್ಟು ಅಪ್ಪ ತಲೆ ಎತ್ತಿದರು. "ಇದು ಕಾಚಂಪುಳಿ ರುಚಿ ಅಲ್ವಾ?" ಕಾಚಂಪುಳಿ ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿ, ಗೊರಕವೂ ಆ ಹಣ್ಣಿನ ಬಳಗದ್ದೇ. ಖಾರ ಮಾತ್ರ ಜಾಸ್ತಿ, ಕಡಿಮೆ ಹಾಕಿ ಅಂತ ಮೊದಲೇ ಹೇಳಿ.

ವಾಪಸ್ ಬರುವಾಗ ವೀಲ್‌ಚೇರ್ ತಂದವರನ್ನು ನೋಡಿ ಅಪ್ಪ ತಾವೇ ಹೋಗಿ ಕೂತರು.

ಅಪ್ಪ ಈಗ ಇಲ್ಲ. ನನಗೆ ಜಾಸ್ತಿ ನೆನಪಾಗುವುದು ಒಂಬತ್ತನೇ ದಿನ ಬೆಳಿಗ್ಗೆ. ಮೈಸೂರಿನಿಂದ ಬೇಗ ಹೊರಟಿದ್ದೆವು. ಕುಶಾಲನಗರ ದಾಟಿ, ತೋಟಗಳು ಶುರುವಾಗುವ ಕಡೆ ಅಪ್ಪ ಕಾರಿನ ಕಿಟಕಿ ಪೂರ್ತಿ ಇಳಿಸಿದರು. ಕಾಫಿ ಹೂವಿನ ಘಮ ಒಳಗೆ ಬಂತು. ಎರಡೂ ಕಡೆ ಬಿಳಿ. "ಲೆಕ್ಕ ತಪ್ಪಲಿಲ್ಲ ನೋಡು" ಅಂದರು. ಮನೆ ತಲುಪಿ ಬ್ಯಾಗ್ ಜಗಲಿಯಲ್ಲಿಟ್ಟು ನೇರ ತೋಟಕ್ಕೆ ಇಳಿದರು.