ಅಮೆರಿಕದ ಲೈಬ್ರರಿಯಲ್ಲಿ ಪುಸ್ತಕ ಹುಡುಕುವ ಬಗೆ

ಇಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕವನ್ನು ಯಾರೂ ತಂದುಕೊಡುವುದಿಲ್ಲ, ಕಪಾಟಿನಿಂದ ನಾವೇ ತೆಗೆದುಕೊಳ್ಳಬೇಕು. ಪುಸ್ತಕದ ಬೆನ್ನಿನ ಚೀಟಿ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಚೀಟಿಯಲ್ಲಿ ಮೊದಲು ಅಕ್ಷರ ನೋಡಿ. ‘ಜೆ’ ಇದ್ದರೆ ಅದು ಮಕ್ಕಳ ವಿಭಾಗದ್ದು. ದೊಡ್ಡವರ ಸಾಲಿನಲ್ಲಿ ಎಷ್ಟು ತಡಕಾಡಿದರೂ ಸಿಗದು. ಕಾದಂಬರಿಗಳಿಗೆ ಸಾಮಾನ್ಯವಾಗಿ ಅಂಕಿ ಇರುವುದಿಲ್ಲ, ಲೇಖಕರ ಸರ್‌ನೇಮ್ ಪ್ರಕಾರ ಜೋಡಿಸಿರುತ್ತಾರೆ.

ಉಳಿದ ಪುಸ್ತಕಗಳಿಗೆ ಹೆಚ್ಚಿನ ಕಡೆ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವೇ ಆಧಾರ. 600 ಎಂದರೆ ತಂತ್ರಜ್ಞಾನ. ಅದರೊಳಗೆ 641 ಆಹಾರ, 641.5 ಅಡುಗೆ, 641.5954 ಭಾರತದ ಅಡುಗೆ. ಕೊನೆಯ 54 ಭಾರತದ ಗುರುತು. ನಮ್ಮ ಇತಿಹಾಸಕ್ಕೆ 954, ಪ್ರವಾಸಕ್ಕೆ 915.4 ಬಂದದ್ದೂ ಹೀಗೆಯೇ. ಹೊಸಬರು ಎಡವುವುದು ಚುಕ್ಕಿಯ ಆಚೆ. 5954 ದೊಡ್ಡ ಸಂಖ್ಯೆಯೆಂದು 641.6ರ ನಂತರ ಹುಡುಕುತ್ತಾರೆ. ಚುಕ್ಕಿ ದಾಟಿದ ಮೇಲೆ ಒಂದೊಂದೇ ಅಂಕಿ ಹೋಲಿಸಬೇಕು: 6ಕ್ಕಿಂತ 5 ಮೊದಲು, ಹಾಗಾಗಿ 641.5954 ಮುಂಚೆಯೇ ಬರುತ್ತದೆ.

ಹಂಚಿಕೆಯಲ್ಲಿ ನ್ಯಾಯವಿದೆ ಎನ್ನುವಂತಿಲ್ಲ. 200ರ ಧರ್ಮ ವರ್ಗದಲ್ಲಿ 220ರಿಂದ 280ರ ಸಾಲುಗಳೆಲ್ಲ ಬೈಬಲ್ಲಿಗೆ, ಕ್ರೈಸ್ತ ಧರ್ಮಕ್ಕೆ. ಬೌದ್ಧ 294.3, ಜೈನ 294.4, ಹಿಂದೂ 294.5, ಇಸ್ಲಾಂ 297, ಎಲ್ಲವೂ 290ರೊಳಗೇ ಒತ್ತರಿಸಿಕೊಂಡಿವೆ. ಅಮೆರಿಕದ ಸಾಹಿತ್ಯಕ್ಕೆ 810 ಸಾಕು. ಕನ್ನಡ ಸಾಹಿತ್ಯಕ್ಕೆ 894.814 ಆಗಬೇಕು! ಅರಿಜೋನಾದ ಗಿಲ್ಬರ್ಟ್‌ನಲ್ಲಿ 2007ರಲ್ಲಿ ತೆರೆದ ಶಾಖೆಯೊಂದು ಡ್ಯೂಯಿಯನ್ನೇ ಕೈಬಿಟ್ಟು, ಪುಸ್ತಕದಂಗಡಿಯ ಹಾಗೆ ವಿಷಯದ ಹೆಸರಿನಲ್ಲೇ ಜೋಡಿಸಿತು.

ಕನ್ನಡ ಪುಸ್ತಕ ಇದ್ದರೆ ಬಹುಪಾಲು ‘ವರ್ಲ್ಡ್ ಲ್ಯಾಂಗ್ವೇಜಸ್’ ಕಪಾಟಿನಲ್ಲಿರುತ್ತದೆ. ಕ್ಯಾಟಲಾಗ್‌ನಲ್ಲಿ ಹೆಸರು ರೋಮನ್ ಲಿಪಿಯಲ್ಲಿ ಇರುವುದೇ ಹೆಚ್ಚು, ಅದೂ ಗ್ರಂಥಪಾಲಕರ ಲಿಪ್ಯಂತರ ನಿಯಮದಂತೆ. ಅಲ್ಲಿ ‘ಚ’ಕ್ಕೆ ‘ಸಿ’ ಮಾತ್ರ, ‘ಸಿಎಚ್’ ಎಂದರೆ ‘ಛ’. ‘ಚಂದ್ರ’ ಎಂದು ಹುಡುಕಿ ಏನೂ ಬರದಿದ್ದರೆ ‘ಎಚ್’ ತೆಗೆದು ನೋಡಿ. ‘ಶ’ಕ್ಕೂ ಹಾಗೆಯೇ, ಬರೀ ‘ಎಸ್’.

ತೆಗೆದು ನೋಡಿದ ಪುಸ್ತಕವನ್ನು ಕಪಾಟಿಗೆ ತುರುಕಬೇಡಿ, ಪಕ್ಕದ ತಳ್ಳುಗಾಡಿಯಲ್ಲಿಡಿ. ಜಾಗ ತಪ್ಪಿದ ಪುಸ್ತಕ ಕಂಪ್ಯೂಟರಿನಲ್ಲಿ ‘ಲಭ್ಯ’ ಎಂದೇ ತೋರಿಸುತ್ತದೆ. ಸಿಬ್ಬಂದಿ ಸಾಲು ಸಾಲಾಗಿ ಚೀಟಿ ಓದುತ್ತಾ ಬರುವವರೆಗೂ ಯಾರ ಕೈಗೂ ಸಿಗುವುದಿಲ್ಲ.