ಲೇಡಲ್‌ಗೆ ಮಿಶ್‌ಮೆಟಲ್: ಎಷ್ಟು, ಯಾವಾಗ

ಮಂಡ್ಯದ ಕಬ್ಬಿನ ಗಾಣಕ್ಕೆಂದು ಹೊಯ್ದ ದಪ್ಪ ಸ್ಟೀಲ್ ಪಿನಿಯನ್ (ಹಲ್ಲುಚಕ್ರ), ರೈಸರ್ (ಎರಕ ಕುಗ್ಗುವಾಗ ದ್ರವ ಲೋಹ ಒದಗಿಸಲು ಬಿಟ್ಟ ಹೆಚ್ಚುವರಿ ಭಾಗ) ಕಡಿದ ಜಾಗದಲ್ಲೇ ಬಿರುಕು ಬಿಟ್ಟರೆ ಎಲ್ಲರೂ ಮೊದಲು ತೆಗೆದು ನೋಡುವುದು ಉಕ್ಕಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋ ವರದಿ. ಅದರಲ್ಲಿ ಗಂಧಕ ಮಿತಿಯೊಳಗೇ ಇರುತ್ತದೆ. ಸ್ಯಾಂಪಲ್ ಬಿಲ್ಲೆ ಕ್ಷಣದಲ್ಲಿ ಗಟ್ಟಿಯಾಗುವುದರಿಂದ ಒಳಗಿನ ಹಂಚಿಕೆ ಅದಕ್ಕೆ ಕಾಣುವುದೇ ಇಲ್ಲ. ದಪ್ಪ ಎರಕ ನಿಧಾನವಾಗಿ ಗಟ್ಟಿಯಾಗುತ್ತ ಗಂಧಕ, ರಂಜಕ, ಕಾರ್ಬನ್‌ಗಳನ್ನು ಉಳಿದ ದ್ರವಕ್ಕೆ ತಳ್ಳುತ್ತದೆ. ಕೊನೆಗೆ ಅವೆಲ್ಲ ಮಡುಗಟ್ಟುವುದು ರೈಸರ್ ಬುಡದಲ್ಲಿ. ಇದೇ ಸೆಗ್ರಿಗೇಷನ್.

ಇದನ್ನು ತಗ್ಗಿಸಲು ಲೇಡಲ್‌ಗೆ (ಕರಗಿದ ಉಕ್ಕನ್ನು ಹೊತ್ತು ಹೊಯ್ಯುವ ಪಾತ್ರೆ) ಹಾಕುವ ಅಪರೂಪದ ಲೋಹಗಳ ಮಿಶ್ರಣವೇ ಮಿಶ್‌ಮೆಟಲ್. ಅದರಲ್ಲಿನ ಸೀರಿಯಂ, ಲ್ಯಾಂಥನಂ ಮಾಡುವ ಮುಖ್ಯ ಕೆಲಸ, ಉಕ್ಕು ಇನ್ನೂ ದ್ರವವಾಗಿರುವಾಗಲೇ ಗಂಧಕವನ್ನು ಗಟ್ಟಿ ಕಣವಾಗಿ ಹಿಡಿದಿಡುವುದು. ಆ ಕಣಗಳ ಮೇಲೆ ಹರಳುಗಳೂ ಹುಟ್ಟಿ ರವೆ ಸಣ್ಣದಾಗುತ್ತದೆ. ಇನ್ನೊಂದು ಲಾಭ ತೂಕದ್ದು. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಕಣದ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 4 ಗ್ರಾಂ, ದ್ರವ ಉಕ್ಕಿನದು 7. ಹಗುರ ಕಣಗಳು ಮೇಲೇಳುತ್ತ ದ್ರವವನ್ನೂ ಎಳೆದು ಕಾಲುವೆಯಂಥ ಸೆಗ್ರಿಗೇಷನ್ ಮಾಡುತ್ತವೆಂದು ಚೀನಾದ ಶೆನ್ಯಾಂಗ್ ಸಂಶೋಧಕರು 2014ರಲ್ಲಿ ತೋರಿಸಿದರು. ಸೀರಿಯಂ ಕಣಗಳ ಸಾಂದ್ರತೆ 6ರ ಆಸುಪಾಸು, ಹಾಗಾಗಿ ಅವು ಅಷ್ಟು ಜೋರಾಗಿ ಏಳುವುದಿಲ್ಲ. ಆದರೆ ಅವು ಸ್ಲ್ಯಾಗಿಗೂ (ಮೇಲೆ ತೇಲುವ ಕಿಟ್ಟ) ಸುಲಭವಾಗಿ ಸೇರುವುದಿಲ್ಲ. ಡೋಸ್ ಹೆಚ್ಚಾದರೆ ಗೊಂಚಲು ಕಟ್ಟಿ ಒಳಗೇ ಉಳಿಯುತ್ತವೆ.

ಲೆಕ್ಕ ಹೀಗೆ: 500 ಕೆಜಿ ಹೀಟ್‌ನಲ್ಲಿ (ಒಮ್ಮೆಗೆ ಕರಗಿಸಿದ ಉಕ್ಕು) ಗಂಧಕ 0.015% ಇದ್ದರೆ 75 ಗ್ರಾಂ. ಅದನ್ನು ಹಿಡಿಯಲು ಬೇಕಾದ ಮಿಶ್‌ಮೆಟಲ್ ಅದರ ಮೂರು ಪಟ್ಟು, 225 ಗ್ರಾಂ. ಅರ್ಧ ಸುಟ್ಟುಹೋಗುತ್ತದೆ ಎಂದಿಟ್ಟುಕೊಂಡರೆ 450 ಗ್ರಾಂ. ಗಂಧಕ 0.030% ಆದರೆ 900 ಗ್ರಾಂ ಬೇಕು. ಅಷ್ಟು ಹಾಕಬೇಡಿ, ಸ್ಕ್ರ್ಯಾಪನ್ನೇ ಬದಲಿಸಿ. ಸಿಲಿಕಾ ಲೈನಿಂಗ್ ಫರ್ನೇಸ್‌ನಲ್ಲಿ ಗಂಧಕ ತೆಗೆಯಲು ಬೇರೆ ದಾರಿಯೂ ಇಲ್ಲ.

ಅನುಕ್ರಮ ತಪ್ಪಬಾರದು. ಮೊದಲು ಅಲ್ಯುಮಿನಿಯಂ ಹಾಕಿ ಆಮ್ಲಜನಕ ಇಳಿಸಿ. ಇಲ್ಲದಿದ್ದರೆ ಸೀರಿಯಂ ಪೂರ್ತಿ ಆಕ್ಸೈಡ್ ಆಗಿ ಗಂಧಕಕ್ಕೆ ಏನೂ ಮಿಗುವುದಿಲ್ಲ. ಮಿಶ್‌ಮೆಟಲನ್ನು ಫರ್ನೇಸಿಗೆ ಹಾಕಲೇಬೇಡಿ, ಅದು ಲೈನಿಂಗಿನ ಸಿಲಿಕಾವನ್ನೇ ತಿನ್ನುತ್ತದೆ. ಸ್ಲ್ಯಾಗ್ ತೆಗೆದ ಲೇಡಲ್‌ನಲ್ಲಿ, ತಗಡಿನಲ್ಲಿ ಸುತ್ತಿ ತಳದವರೆಗೆ ಮುಳುಗಿಸಿ, ಕೂಡಲೇ ಹೊಯ್ಯಿರಿ. ತಡಮಾಡಿದಷ್ಟೂ ಗುಣ ಇಳಿಯುತ್ತದೆ.

ಮಿಶ್‌ಮೆಟಲ್ ಗಡ್ಡೆಯ ಮೇಲೆ ಮಾಸಲು ಪುಡಿ ಕಟ್ಟಿದ್ದರೆ ಅದು ಆಕ್ಸೈಡ್. ಅದನ್ನು ತೆಗೆದ ಮೇಲೆಯೇ ತೂಗಿ. ಆದರೆ ಅರ ಹಾಕಿ ಉಜ್ಜಬೇಡಿ, ಲೈಟರ್ ಕಲ್ಲಿನಂತೆ ಕಿಡಿ ಹಾರುತ್ತದೆ. ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಡಿ.

ಫಲ ತಿಳಿಯಲು ರೈಸರ್ ಬುಡದಿಂದಲೂ ಅಂಚಿನಿಂದಲೂ ಡ್ರಿಲ್ ಪುಡಿ ತೆಗೆದು ಗಂಧಕ, ಕಾರ್ಬನ್ ಎರಡನ್ನೂ ಹೋಲಿಸಿ. ಗಂಧಕದ ಅಂತರ ತಗ್ಗಿ ಕಾರ್ಬನ್‌ನದು ಹಾಗೇ ಉಳಿದರೆ ಮಿಶ್‌ಮೆಟಲ್ ಹೆಚ್ಚಿಸಬೇಡಿ. ಅದು ಕಾರ್ಬನ್ ಹಿಡಿಯುವುದಿಲ್ಲ. ಹೊಯ್ಯುವ ತಾಪ ಇಳಿಸಿ, ದಪ್ಪ ಭಾಗಕ್ಕೆ ಚಿಲ್ (ಬೇಗ ತಣಿಸುವ ಲೋಹದ ತುಂಡು) ಇಡಿ.