ಮುಳ್ಳಿನೊಳಗಿನ ಕುದುರೆ

ಮೊನ್ನೆ ಒಂದು ಪದಪಟ್ಟಿಯಲ್ಲಿ ಗೋಥಿಕ್ ಎಂಬ ಹಳೆಯ ಜರ್ಮಾನಿಕ್ ಭಾಷೆಯಲ್ಲಿ ಕುದುರೆಗೆ ‘ಐಹ್ವ್ಸ್’ ಅಂತ ಇತ್ತು. ನಿಜವಾಗಿ ಯಾರಾದರೂ ಬರೆದಿಟ್ಟ ಪದವೇ ಇದು? ರಾತ್ರಿ ಊಟ ಮುಗಿಸಿ ಹುಡುಕಲು ಕೂತೆ.

4ನೇ ಶತಮಾನದಲ್ಲಿ ಗೋಥರ ಬಿಷಪ್ ವುಲ್ಫಿಲ ಮಾಡಿದ ಬೈಬಲ್ ಅನುವಾದದ ಉಳಿದ ಹಾಳೆಗಳೇ ಈ ಭಾಷೆಗೆ ಮುಖ್ಯ ಆಧಾರ. ಅವುಗಳಲ್ಲಿ ಕುದುರೆ ಎಂಬ ಬಿಡಿ ಪದ ಎಲ್ಲೂ ಇಲ್ಲ! ಮಾರ್ಕ 12:26ರಲ್ಲಿ ಮುಳ್ಳುಪೊದೆಗೆ ‘ಐಹ್ವತುಂದಿ’ ಅಂತಿದೆ. ‘ಕುದುರೆ ಹಲ್ಲು’ ಅಂತ ವಿದ್ವಾಂಸರು ಅದನ್ನು ಬಿಡಿಸುತ್ತಾರೆ. ಎಷ್ಟು ಚೆಂದ, ಅಲ್ವಾ? ಆದರೂ ಬಿಡಿ ಪದ ಊಹೆಯೇ. ಬರಹದಲ್ಲಿ ಸಿಗದ, ಊಹಿಸಿದ ಪದ ಅಂತ ತೋರಿಸುವ ನಕ್ಷತ್ರ ಚಿಹ್ನೆ (*) ಅದರ ಮುಂದೆ ಇರಬೇಕಿತ್ತು.

ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ನೆನಪಾಯಿತು. 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಬಂಡೆಯ ಮೇಲಿದೆ. ನನಗೆ ಅಂಥ ಸಾಕ್ಷಿ ಬೇಕು. ನೋಟ್‌ಬುಕ್ ತೆಗೆದು ‘ಐಹ್ವ್ಸ್’ ಮುಂದೆ ನಕ್ಷತ್ರ ಹಾಕಿದೆ.